ಟೋಕನ್ ಉಳಿಯಿತು, ಚಿತ್ರ ಹೋಯಿತು: ಕೋಚೆಲ್ಲಾ ಎನ್‌ಎಫ್‌ಟಿ ಪ್ರಕರಣ

2022ರ ನವೆಂಬರ್ 11ರಂದು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರ ಅಮೆರಿಕದ ಡೆಲವೇರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಗ್ರಾಹಕರ ನೂರಾರು ಕೋಟಿ ಡಾಲರ್ ಎಲ್ಲಿ ಹೋಯಿತು ಎಂಬ ಗದ್ದಲದ ನಡುವೆ ಒಂದು ಸಣ್ಣ ಸಂಗತಿ ಮೂಲೆ ಸೇರಿತು. ಆ ಸಂಸ್ಥೆಯ ವೇದಿಕೆಯಲ್ಲಿ ಸೃಷ್ಟಿಯಾಗಿದ್ದ ಎನ್‌ಎಫ್‌ಟಿಗಳ (ಡಿಜಿಟಲ್ ವಸ್ತುವಿನ ಒಡೆತನ ಸಾರುವ ವಿಶಿಷ್ಟ ಟೋಕನ್‌ಗಳ) ಚಿತ್ರಗಳು ವಾಲೆಟ್‌ಗಳಿಂದ, ಅಂದರೆ ಟೋಕನ್ ಇಟ್ಟುಕೊಳ್ಳುವ ಆ್ಯಪ್‌ಗಳಿಂದ, ಮಾಯವಾಗತೊಡಗಿದ್ದವು. ಕಳ್ಳತನ ನಡೆದಿರಲಿಲ್ಲ, ಯಾರೂ ಸರಪಳಿಗೆ, ಅಂದರೆ ಅನೇಕ ಕಂಪ್ಯೂಟರ್‌ಗಳು ಸೇರಿ ಕಾಯುವ ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕಕ್ಕೆ, ಕನ್ನ ಹಾಕಿರಲಿಲ್ಲ. ಟೋಕನ್‌ಗಳು ಸೊಲಾನಾ ಬ್ಲಾಕ್‌ಚೈನ್ ಮೇಲೆ, ಇದ್ದ ವಿಳಾಸದಲ್ಲೇ, ಅದೇ ಮಾಲೀಕರ ಹೆಸರಿನಲ್ಲೇ ಇದ್ದವು. ಚಿತ್ರ ಇರಬೇಕಾದ ಜಾಗದಲ್ಲಿ ಮಾತ್ರ ಬೂದು ಚೌಕ.

ಬ್ಲಾಕ್‌ಚೈನ್ ಆ್ಯಪ್‌ಗಳಲ್ಲಿ ದತ್ತಾಂಶ ಯಾರದು, ಅದು ಇರುವುದು ಎಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಎಫ್‌ಟಿಎಕ್ಸ್ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡ್ ಮಾಡಿದ ವಂಚನೆಗೆ 2024ರ ಮಾರ್ಚ್‌ನಲ್ಲಿ 25 ವರ್ಷದ ಶಿಕ್ಷೆಯಾಯಿತು, ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಚಿತ್ರ ಮಾಯವಾಗಲು ವಂಚನೆಯ ಅಗತ್ಯವೇ ಇರಲಿಲ್ಲ. ಆ ಸಂಸ್ಥೆ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಿ ಪ್ರಾಮಾಣಿಕವಾಗಿ ಬಾಗಿಲು ಹಾಕಿದ್ದರೂ ಇದೇ ಆಗುತ್ತಿತ್ತು. ಹಾಗಾಗಿ ವಂಚನೆಯನ್ನು ಬದಿಗಿಟ್ಟು ವಿನ್ಯಾಸವನ್ನು ನೋಡೋಣ.

ಮಾರಿದ್ದು ಏನು

ಕೋಚೆಲ್ಲಾ ಕ್ಯಾಲಿಫೋರ್ನಿಯಾದ ಇಂಡಿಯೊದಲ್ಲಿ ಏಪ್ರಿಲ್‌ನಲ್ಲಿ ನಡೆಯುವ ದೊಡ್ಡ ಸಂಗೀತೋತ್ಸವ. ಕೋವಿಡ್‌ನಿಂದಾಗಿ ಎರಡು ವರ್ಷ ನಿಂತು 2022ರಲ್ಲಿ ಮತ್ತೆ ಶುರುವಾಗುವುದಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ಉತ್ಸವದವರು ಎಫ್‌ಟಿಎಕ್ಸ್‌ನ ಅಮೆರಿಕದ ಶಾಖೆಯ ಜೊತೆ ಸೇರಿ ಮೂರು ಬಗೆಯ ಎನ್‌ಎಫ್‌ಟಿ ಬಿಟ್ಟರು. ಆ ಶಾಖೆಯ ಎನ್‌ಎಫ್‌ಟಿ ಮಾರುಕಟ್ಟೆ 2021ರ ಅಕ್ಟೋಬರ್‌ನಲ್ಲಷ್ಟೇ ತೆರೆದಿತ್ತು.

ಮೊದಲನೆಯದು ಹತ್ತೇ ಹತ್ತು 'ಕೀಲಿ'ಗಳು. ಕೊಂಡವರಿಗೆ ಉತ್ಸವಕ್ಕೆ ಜೀವನಪರ್ಯಂತ ಪ್ರವೇಶ. ಹರಾಜಿನಲ್ಲಿ ಹತ್ತೂ ಸೇರಿ ಸುಮಾರು 15 ಲಕ್ಷ ಡಾಲರ್ ತಂದವು. ಉಳಿದೆರಡು ಅಭಿಮಾನಿಗಳಿಗೆ: ಉತ್ಸವದ ಛಾಯಾಚಿತ್ರ ಮತ್ತು ಧ್ವನಿಯ ಸಂಗ್ರಹ, 10,000 ಪ್ರತಿ, ತಲಾ 60 ಡಾಲರ್. ಪೋಸ್ಟರ್ ಕಲೆಯ ಸಂಗ್ರಹ, 1,000 ಪ್ರತಿ, ತಲಾ 180 ಡಾಲರ್.

ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ. ಕೀಲಿಯ ಬೆಲೆ ಇರುವುದು ಅದರ ಚಿತ್ರದಲ್ಲಲ್ಲ, ಇಂಡಿಯೊದ ಗೇಟಿನಲ್ಲಿ ಅದನ್ನು ಮನ್ನಿಸುತ್ತಾರೆ ಎಂಬ ಮಾತಿನಲ್ಲಿ. ಚಿತ್ರ ಅಳಿಸಿ ಹೋದರೂ ಟೋಕನ್ ಯಾರ ಬಳಿ ಇದೆ ಎಂಬುದಕ್ಕೆ ಸರಪಳಿ ಸಾಕ್ಷಿ ಹೇಳುತ್ತದೆ, ಉತ್ಸವದವರು ಮನಸ್ಸು ಮಾಡಿದರೆ ಒಳಗೆ ಬಿಡಬಹುದು. 60 ಡಾಲರ್ ಕೊಟ್ಟವನ ಮಟ್ಟಿಗೆ ಹಾಗಲ್ಲ. ಅವನು ಡಿಜಿಟಲ್ ರೂಪದಲ್ಲಿ ಕೊಂಡದ್ದೇ ಚಿತ್ರವನ್ನು, ಅಥವಾ ಹಾಗೆಂದು ಅವನು ನಂಬಿದ್ದ.

679 ಬೈಟಿನ ಖಾತೆ

ಸೊಲಾನಾದಲ್ಲಿ ಎನ್‌ಎಫ್‌ಟಿ ಎಂದರೆ ಏನೇನು ಇರುತ್ತದೆ ಎಂದು ಬಿಚ್ಚಿ ನೋಡಿದರೆ ಅರ್ಧ ಗುಟ್ಟು ರಟ್ಟಾಗುತ್ತದೆ. ಮೊದಲು ಟೋಕನ್ ಇರುತ್ತದೆ: ಇಂಥ ವಾಲೆಟ್ ವಿಳಾಸದಲ್ಲಿ ಇದರ ಒಂದು ಪ್ರತಿ ಇದೆ ಎಂಬ ದಾಖಲೆ. ಅದಕ್ಕೆ ಅಂಟಿಕೊಂಡು ಮೆಟಾಪ್ಲೆಕ್ಸ್ ಎಂಬ ಪ್ರೋಗ್ರಾಂ ನಿರ್ವಹಿಸುವ, ಟೋಕನ್‌ನ ವಿವರ ಬರೆದಿಡುವ ಒಂದು ಮೆಟಾಡೇಟಾ ಖಾತೆ. ಆಗಿನ ರೂಢಿಯಂತೆ ಅದರ ಗಾತ್ರ 679 ಬೈಟ್. ಅದರಲ್ಲಿ ಹೆಸರಿಗೆ 32 ಬೈಟ್, ಸಂಕೇತಕ್ಕೆ 10, ವೆಬ್ ವಿಳಾಸಕ್ಕೆ 200. ಉಳಿದ ಜಾಗದಲ್ಲಿ ಸೃಷ್ಟಿಕರ್ತರ ವಿಳಾಸಗಳು, ಮರುಮಾರಾಟದ ಪಾಲು, ತಿದ್ದುವ ಅಧಿಕಾರ ಯಾರದು, ತಿದ್ದಬಹುದೋ ಇಲ್ಲವೋ ಎಂಬ ಗುರುತು ಇತ್ಯಾದಿ. ಒಂದು ಸಾಧಾರಣ ಹೆಬ್ಬೆರಳು ಗಾತ್ರದ ಚಿತ್ರ ಕೂಡ 679 ಬೈಟಿನಲ್ಲಿ ಹಿಡಿಯುವುದಿಲ್ಲ.

ಆ 200 ಬೈಟಿನ ವೆಬ್ ವಿಳಾಸ ಒಂದು ಜೇಸನ್ ಕಡತಕ್ಕೆ, ಅಂದರೆ ವಿವರಗಳನ್ನು ಪಟ್ಟಿಯಂತೆ ಬರೆದಿಟ್ಟ ಸಾದಾ ಪಠ್ಯದ ಕಡತಕ್ಕೆ, ಕೊಂಡಿ. ಆ ಕಡತದಲ್ಲಿ ಹೆಸರು, ವಿವರಣೆ, ಗುಣಲಕ್ಷಣ, ಕೊನೆಗೆ ಚಿತ್ರಕ್ಕೆ ಇನ್ನೊಂದು ಕೊಂಡಿ. ಅಂದರೆ ವಾಲೆಟ್‌ನಲ್ಲಿ ಚಿತ್ರ ಮೂಡಬೇಕಾದರೆ ಸರಪಳಿಯಿಂದ ಹೊರಗೆ ಎರಡು ಸಲ ಕಾಲಿಡಬೇಕು, ಎರಡೂ ಕಡೆ ಬಾಗಿಲು ತೆರೆದಿರಬೇಕು.

ಎಫ್‌ಟಿಎಕ್ಸ್ ವೇದಿಕೆಯಲ್ಲಿ ಸೃಷ್ಟಿಯಾದ ಎನ್‌ಎಫ್‌ಟಿಗಳಲ್ಲಿ ಈ ಕೊಂಡಿ ಹೋಗುತ್ತಿದ್ದದ್ದು ಸಂಸ್ಥೆಯದೇ ಡೊಮೇನ್‌ಗೆ, ಅದರದೇ ಸರ್ವರ್‌ಗೆ. ಯಾವುದೇ ಮಾಮೂಲಿ ಜಾಲತಾಣ ನಡೆಯುವಂತೆಯೇ ಅದೂ ನಡೆಯುತ್ತಿತ್ತು. ದಿವಾಳಿಯ ನಂತರ ಆ ಡೊಮೇನ್‌ಗೆ ಬಂದ ಕೋರಿಕೆಗಳನ್ನೆಲ್ಲ ದಿವಾಳಿ ಪ್ರಕ್ರಿಯೆಯ ಮಾಹಿತಿ ಪುಟದ ಕಡೆಗೆ ತಿರುಗಿಸಲಾಯಿತು. ಹಣ ಬರಬೇಕಾದ ಗ್ರಾಹಕನಿಗೆ ಅದು ಸಹಜವಾದ ಕ್ರಮ. ಪಾಪದ ವಾಲೆಟ್‌ಗೆ ಮಾತ್ರ ಅದು ಅರ್ಥವಾಗಲಿಲ್ಲ. ಅದು ಜೇಸನ್ ಕೇಳಿತ್ತು, ಸಿಕ್ಕಿದ್ದು ನ್ಯಾಯಾಲಯದ ಕಾಗದಪತ್ರಗಳ ಕಡೆ ಕೈ ತೋರಿಸುವ ವೆಬ್ ಪುಟ. ಅದರಲ್ಲಿ 'ಚಿತ್ರ' ಎಂಬ ಅಂಕಣ ಹುಡುಕಿದರೆ ಎಲ್ಲಿಂದ ಬರಬೇಕು? ವಾಲೆಟ್ ಬೂದು ಚೌಕ ತೋರಿಸಿ ಸುಮ್ಮನಾಯಿತು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಪಹಣಿಯಲ್ಲಿ ಹೆಸರು ನಿಮ್ಮದೇ, ಜಮೀನು ಎಲ್ಲಿದೆ ಎಂದು ತೋರಿಸುವ ನಕ್ಷೆ ಮಾತ್ರ ಬೇರೆಯವರ ಅಟ್ಟದ ಮೇಲೆ. ಅವರು ಮನೆ ಬೀಗ ಹಾಕಿಕೊಂಡು ಹೋದರು.

ಯಾಕೆ ಹೀಗೆ ಕಟ್ಟಿದರು

ಚಿತ್ರವನ್ನೇ ಸರಪಳಿಯ ಮೇಲೆ ಇಡಬಹುದಿತ್ತಲ್ಲ ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. ಸೊಲಾನಾದಲ್ಲಿ ದತ್ತಾಂಶ ಇಡಲು ಬೈಟಿಗೆ ಇಷ್ಟೆಂದು ಠೇವಣಿ ಕಟ್ಟಬೇಕು. ಆಗಿನ ದರದಲ್ಲಿ ಬೈಟಿಗೆ 6,960 ಲ್ಯಾಂಪೋರ್ಟ್. ನೂರು ಕೋಟಿ ಲ್ಯಾಂಪೋರ್ಟ್ ಸೇರಿದರೆ ಒಂದು ಸೋಲ್, ಅಂದರೆ ಸೊಲಾನಾದ ಒಂದು ನಾಣ್ಯ. 679 ಬೈಟಿನ ಖಾತೆಗೆ ಸೋಲ್‌ನ ಇನ್ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಅರ್ಧ ಡಾಲರಿನ ಆಸುಪಾಸು. ಒಂದು ಎಂಬಿ ಗಾತ್ರದ ಚಿತ್ರಕ್ಕೆ 7.3 ಸೋಲ್. 2022ರ ಫೆಬ್ರುವರಿಯಲ್ಲಿ ಒಂದು ಸೋಲ್ 100 ಡಾಲರಿನ ಹತ್ತಿರ ಇತ್ತು. 60 ಡಾಲರಿನ ಸರಕಿಗೆ 700 ಡಾಲರಿನ ಉಗ್ರಾಣ ಯಾರು ಕಟ್ಟಿಸುತ್ತಾರೆ?

ಇಥೀರಿಯಂ ಎಂಬ ಇನ್ನೊಂದು ಸರಪಳಿಯಲ್ಲಿ ಇನ್ನೂ ಕಷ್ಟ. ಅಲ್ಲಿ ಹೊಸದಾಗಿ 32 ಬೈಟ್ ಬರೆಯಲು ಸುಮಾರು 20,000 ಗ್ಯಾಸ್ (ಸರಪಳಿಯ ಮೇಲಿನ ಕೆಲಸದ ಅಳತೆ, ಶುಲ್ಕ ಇದರ ಮೇಲೆ) ಬೇಕು. ಒಂದು ಎಂಬಿಗೆ 65 ಕೋಟಿ ಗ್ಯಾಸ್ ದಾಟುತ್ತದೆ, ಆಗ ಒಂದು ಬ್ಲಾಕಿನ (ಸರಪಳಿಗೆ ಒಮ್ಮೆಗೆ ಸೇರುವ ದಾಖಲೆಗಳ ಕಟ್ಟಿನ) ಮಿತಿ 3 ಕೋಟಿ. ಬೇರೆ ಯಾರಿಗೂ ಜಾಗ ಕೊಡದೆ 22 ಬ್ಲಾಕ್‌ಗಳನ್ನು ತುಂಬಿದರೆ ಒಂದು ಮೊಬೈಲ್ ಫೋಟೊ. ಲಾರ್ವಾ ಲ್ಯಾಬ್ಸ್‌ನ ಕ್ರಿಪ್ಟೋಪಂಕ್ಸ್ ಎಂಬ ಎನ್‌ಎಫ್‌ಟಿಗಳ ಚಿತ್ರಗಳು 2021ರ ಆಗಸ್ಟ್‌ನಲ್ಲಿ ಸರಪಳಿಯ ಮೇಲೆ ಏರಿದವು ನಿಜ, ಆದರೆ ಅವು 24ಕ್ಕೆ 24 ಪಿಕ್ಸೆಲ್‌ನ ಪುಟಾಣಿ ಮುಖಗಳು. 2017ರಲ್ಲಿ ಹುಟ್ಟಿದಾಗ ಅವುಗಳ ಕರಾರಿನಲ್ಲೂ (ಸರಪಳಿಯ ಮೇಲೆ ಓಡುವ ಪ್ರೋಗ್ರಾಂನಲ್ಲೂ) ಇದ್ದದ್ದು ಹತ್ತು ಸಾವಿರ ಮುಖಗಳನ್ನು ಜೋಡಿಸಿದ ಒಂದು ಚಿತ್ರದ ಹ್ಯಾಶ್, ಅಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಣ್ಣ ಸಂಕೇತ, ಮಾತ್ರ.

ಆದ್ದರಿಂದ ಚಿತ್ರವನ್ನು ಹೊರಗೆ ಇಟ್ಟದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೊರಗೆ ಇಡಲೇಬೇಕು. ಹೊರಗೆ ಎಂದರೆ ಎಲ್ಲಿ, ಯಾವ ಬಗೆಯ ವಿಳಾಸದಲ್ಲಿ ಎಂಬುದರಲ್ಲಿ ಎಡವಿದರು. ಸೊಲಾನಾ ಲೋಕದಲ್ಲೇ ಆಗ ಬೇರೆ ರೂಢಿಯೂ ಇತ್ತು: ಒಮ್ಮೆ ಶುಲ್ಕ ಕಟ್ಟಿ ಕಡತವನ್ನು ಆರ್‌ವೀವ್ ಜಾಲಕ್ಕೆ ಒಪ್ಪಿಸುವುದು. ಆ ಶುಲ್ಕದ ಬಹುಭಾಗ ಒಂದು ನಿಧಿಗೆ ಹೋಗಿ, ಮುಂದಿನ ದಿನಗಳಲ್ಲಿ ಪ್ರತಿ ಕಾಪಾಡುವವರಿಗೆ ಅದರಿಂದ ಕೊಡುವ ಏರ್ಪಾಡು. ಇನ್ನೊಂದು ದಾರಿ ಐಪಿಎಫ್‌ಎಸ್, ಅನೇಕ ಕಂಪ್ಯೂಟರ್‌ಗಳು ಕಡತಗಳನ್ನು ಹಂಚಿಕೊಳ್ಳುವ ಜಾಲ. ಅಲ್ಲಿ ವಿಳಾಸ ಎಂದರೆ ಕಡತದ ಒಳಗಿನ ದತ್ತಾಂಶದಿಂದಲೇ ತೆಗೆದ ಹ್ಯಾಶ್. ಒಂದು ಪಿಕ್ಸೆಲ್ ಬದಲಾದರೂ ವಿಳಾಸ ಬದಲಾಗುತ್ತದೆ. ಕಡತವನ್ನು ಯಾರು ತಂದುಕೊಟ್ಟರೂ ಅದೇ ಕಡತ ಹೌದೋ ಅಲ್ಲವೋ ಎಂದು ತಾಳೆ ನೋಡಬಹುದು.

ಮಾಮೂಲಿ ವೆಬ್ ವಿಳಾಸಕ್ಕೆ ಈ ಗುಣವಿಲ್ಲ. ಅದು ಜಾಗದ ಹೆಸರು, ವಸ್ತುವಿನ ಹೆಸರಲ್ಲ. ಆ ಜಾಗವನ್ನು ಇವತ್ತು ಒಬ್ಬರು ನಡೆಸುತ್ತಾರೆ, ಡೊಮೇನ್ ಅವಧಿ ಮುಗಿದರೆ ನಾಳೆ ಇನ್ನೊಬ್ಬರು ಕೊಳ್ಳಬಹುದು, ನಿಮ್ಮ ಚಿತ್ರದ ಜಾಗದಲ್ಲಿ ತಮ್ಮ ಅಂಗಡಿಯ ಜಾಹೀರಾತು ಹಾಕಬಹುದು. ಸಿಗ್ನಲ್ ಆ್ಯಪ್‌ನ ಸ್ಥಾಪಕ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದನ್ನು ಮಾಡಿಯೇ ತೋರಿಸಿದ್ದರು. 2022ರ ಜನವರಿಯಲ್ಲಿ, ಎಫ್‌ಟಿಎಕ್ಸ್ ಕುಸಿಯುವುದಕ್ಕೆ ಹತ್ತು ತಿಂಗಳು ಮೊದಲು, ಅವರು ತಾವು ಮಾಡಿದ ಒಂದು ಎನ್‌ಎಫ್‌ಟಿಯ ಬಗ್ಗೆ ಬರೆದರು. ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ ನೋಡಿದರೆ ಒಂದು ಚಿತ್ರ, ರಾರಿಬಲ್ ಎಂಬ ಬೇರೆ ಮಾರುಕಟ್ಟೆಯಲ್ಲಿ ಇನ್ನೊಂದು, ಕೊಂಡು ವಾಲೆಟ್‌ಗೆ ಇಳಿಸಿಕೊಂಡರೆ ಹೇಲಿನ ಎಮೋಜಿ. ಕೇಳುವವರು ಯಾರು ಎಂದು ನೋಡಿಕೊಂಡು ಅವರ ಸರ್ವರ್ ಬೇರೆ ಬೇರೆ ಚಿತ್ರ ಕೊಡುತ್ತಿತ್ತು. ಆಮೇಲೆ ಓಪನ್‌ಸೀ ಆ ಪುಟವನ್ನು ತೆಗೆದುಹಾಕಿದಾಗ ಅದು ಅವರ ವಾಲೆಟ್‌ನಿಂದಲೂ ಕಾಣೆಯಾಯಿತು. ಟೋಕನ್ ಸರಪಳಿಯಲ್ಲೇ ಇತ್ತು. ಆದರೆ ವಾಲೆಟ್ ಸರಪಳಿಯನ್ನು ತಾನೇ ಓದುವ ಬದಲು ಓಪನ್‌ಸೀಯನ್ನು ಕೇಳಿ ತೋರಿಸುತ್ತಿತ್ತು. ನಗಲು ಒಳ್ಳೆಯ ಪ್ರಯೋಗ. ಎಚ್ಚರಿಕೆ ಎಂದು ತೆಗೆದುಕೊಂಡವರು ಕಡಿಮೆ.

ಸರಿಪಡಿಸುವ ಕೈ ಯಾರದು

ಚಿತ್ರ ಮಾಯವಾಗಿದೆ, ಸರಿ. ಮೂಲ ಕಡತ ಉತ್ಸವದವರ ಬಳಿ ಇರುತ್ತದೆ, ಬೇರೆಡೆ ಇಟ್ಟು ಕೊಂಡಿ ಬದಲಿಸಿದರೆ ಆಯಿತಲ್ಲ?

ಇಲ್ಲಿ ಮಾಲೀಕತ್ವದ ನಿಜವಾದ ಗಂಟು ಇದೆ. ಮೆಟಾಪ್ಲೆಕ್ಸ್ ಖಾತೆಯ ಕೊಂಡಿಯನ್ನು ಬದಲಿಸುವ ಹಕ್ಕು ಟೋಕನ್ ಇಟ್ಟುಕೊಂಡವನಿಗೆ ಇರುವುದಿಲ್ಲ. ಅದು 'ತಿದ್ದುವ ಅಧಿಕಾರ' ಎಂದು ಖಾತೆಯಲ್ಲಿ ನಮೂದಾದ ವಿಳಾಸದ ಖಾಸಗಿ ಕೀ (ಗುಟ್ಟಿನ ಸಹಿ ಸಂಖ್ಯೆ) ಯಾರ ಕೈಯಲ್ಲಿದೆಯೋ ಅವರದು, ಸಾಮಾನ್ಯವಾಗಿ ಎನ್‌ಎಫ್‌ಟಿ ಸೃಷ್ಟಿಸಿದ ವೇದಿಕೆಯದು. ಕೊಂಡವನು ಟೋಕನ್ ಮಾರಬಹುದು, ಯಾರಿಗಾದರೂ ಕೊಡಬಹುದು, ಸುಟ್ಟು ಹಾಕಬಹುದು. ಅದು ಬೆರಳು ತೋರಿಸುವ ದಿಕ್ಕನ್ನು ಮಾತ್ರ ಬದಲಿಸಲಾರ. ವೇದಿಕೆಯೇ ದಿವಾಳಿಯಾದಾಗ ಇಂಥ ಕೀಗಳೂ ಮಿಕ್ಕ ಆಸ್ತಿಪಾಸ್ತಿಯ ಜೊತೆ ದಿವಾಳಿ ಆಡಳಿತದ ಸುಪರ್ದಿಗೆ ಹೋಗುತ್ತವೆ. ಹಿಂದೆ ಲೆಕ್ಕದ ವಂಚನೆಯಿಂದ ಕುಸಿದ ಎನ್‌ರಾನ್ ಕಂಪನಿಯ ಅವಶೇಷಗಳನ್ನು ವಿಲೇವಾರಿ ಮಾಡಿದ್ದ ಜಾನ್ ರೇ ಎಫ್‌ಟಿಎಕ್ಸ್‌ಗೆ ಹೊಸ ಮುಖ್ಯಸ್ಥರಾಗಿ ಬಂದಿದ್ದರು. ಕಳೆದುಹೋದ ಶತಕೋಟಿಗಳ ಜಾಡು ಹಿಡಿಯಬೇಕಾದವರ ಮೇಜಿನ ಮೇಲೆ ಉತ್ಸವದ ಫೋಟೊ ಎಷ್ಟನೆಯ ಕಡತವಾಗಿದ್ದೀತು?

ಹಾಗಾದರೆ ಯಾರೂ ತಿದ್ದಲಾಗದಂತೆ ಬೀಗ ಹಾಕಿದ್ದರೆ ಚೆನ್ನಾಗಿತ್ತೇ? ಅದೂ ಅಲ್ಲ. ಮೆಟಾಡೇಟಾ ಬದಲಾಗದಂತೆ ಬೀಗ ಹಾಕುವ ಸೌಲಭ್ಯ ಇದೆ, ಕೊಳ್ಳುವವರಿಗೆ ಭರವಸೆ ಕೊಡಲು ಅನೇಕರು ಹಾಕುತ್ತಾರೆ. ಆದರೆ ಒಳಗಿರುವ ಕೊಂಡಿ ಒಂದು ಕಂಪನಿಯ ಸರ್ವರ್‌ಗೆ ಹೋಗುತ್ತಿದ್ದರೆ, ಸರ್ವರ್ ನಿಂತ ದಿನದಿಂದ ಆ ಕೆಟ್ಟ ವಿಳಾಸವೂ ಶಾಶ್ವತ. ಬೀಗ ಹಾಕದಿದ್ದರೆ ಇನ್ನೊಬ್ಬರ ದಯೆ, ಹಾಕಿದರೆ ಯಾರಿಂದಲೂ ರಿಪೇರಿ ಇಲ್ಲ. ಬೀಗಕ್ಕೆ ಅರ್ಥ ಬರುವುದು ಕೊಂಡಿಯಲ್ಲಿ ಕಡತದ ಹ್ಯಾಶ್ ಇದ್ದಾಗ ಮಾತ್ರ.

ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಇನ್ನೊಂದು ಗುಂಪಿತ್ತು: ಟೋಕನ್ ಕೊಂಡು ಎಫ್‌ಟಿಎಕ್ಸ್ ಖಾತೆಯಲ್ಲೇ ಬಿಟ್ಟವರು. ಸ್ವಂತ ವಾಲೆಟ್‌ಗೆ ಹಿಂತೆಗೆಯುವ ಸೌಲಭ್ಯ ಇತ್ತು, ಆದರೆ ಕಾರ್ಡಿನಲ್ಲಿ ಹಣ ಕಟ್ಟಿ ಕೊಂಡ ಸಂಗೀತಪ್ರಿಯರಿಗೆ ಅದರ ತಲೆನೋವು ಯಾಕೆ ಬೇಕಿತ್ತು? ಅಂಥವರ ಟೋಕನ್ ಸರಪಳಿಯ ಲೆಕ್ಕದಲ್ಲಿ ವೇದಿಕೆಯ ವಾಲೆಟ್‌ನಲ್ಲಿತ್ತು. ಇವರ ಹೆಸರಿದ್ದದ್ದು ವೇದಿಕೆಯ ಒಳಗಿನ ಪಟ್ಟಿಯಲ್ಲಿ. ಖಾತೆಗಳು ಸ್ತಬ್ಧವಾದಾಗ ಲಕ್ಷ ಡಾಲರಿನ ಕೀಲಿಗಳೂ ಅಲ್ಲೇ ಸಿಕ್ಕಿಕೊಂಡವೆಂದು ಆಗ ವರದಿಯಾಯಿತು. ಎಫ್‌ಟಿಎಕ್ಸ್ ಕಡೆಯವರೊಂದಿಗೆ ತಮಗೂ ಸಂಪರ್ಕವಿಲ್ಲ, ಪರಿಹಾರ ಹುಡುಕುತ್ತಿದ್ದೇವೆ ಎಂದು ಉತ್ಸವದವರು ಕೊಂಡವರಿಗೆ ತಿಳಿಸಬೇಕಾಯಿತು.

ಕೃತಿಸ್ವಾಮ್ಯದ ವಿಚಾರ ಬೇಗ ಮುಗಿಯುತ್ತದೆ, ಯಾಕೆಂದರೆ ಅದು ಕೊಂಡವನ ಕಡೆಗೆ ಬರುವುದೇ ಅಪರೂಪ. ಅಮೆರಿಕದ ಕಾನೂನಾಗಲಿ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಆಗಲಿ, ಹಕ್ಕು ವರ್ಗಾವಣೆಗೆ ಹಕ್ಕುದಾರನ ಸಹಿಯುಳ್ಳ ಲಿಖಿತ ಪತ್ರ ಬೇಡುತ್ತವೆ. ಟೋಕನ್ ಕೈ ಬದಲಾಯಿತು ಎಂದ ಮಾತ್ರಕ್ಕೆ ಚಿತ್ರದ ಹಕ್ಕು ಕೈ ಬದಲಾಗುವುದಿಲ್ಲ.

ಒಂದು ವರ್ಷ ಮೊದಲಿನ ಇನ್ನೊಂದು ಮುಚ್ಚುಗಡೆ

ಈ ಪ್ರಕರಣವನ್ನು ಒಂಟಿಯಾಗಿ ನೋಡಿದರೆ ಎಲ್ಲವೂ ವಿಧಿ ಎನಿಸುತ್ತದೆ. ಹಾಗಲ್ಲ ಎನ್ನುವುದಕ್ಕೆ 2021ರ ನವೆಂಬರ್ ನೋಡಬೇಕು.

ಹಿಕ್ ಎಟ್ ನುಂಕ್ ಎಂಬುದು ಟೆಜೋಸ್ ಸರಪಳಿಯ ಮೇಲಿನ ಎನ್‌ಎಫ್‌ಟಿ ಮಾರುಕಟ್ಟೆ. ಬ್ರೆಜಿಲ್‌ನ ರಫಾಯೆಲ್ ಲಿಮಾ 2021ರ ಮಾರ್ಚ್‌ನಲ್ಲಿ ಶುರು ಮಾಡಿದ್ದು. ಶುಲ್ಕ ಕಡಿಮೆ, ನೋಟ ಒರಟು, ಕಲಾವಿದರಿಗೆ ಅಚ್ಚುಮೆಚ್ಚು. ಆ ನವೆಂಬರ್‌ನಲ್ಲಿ ಲಿಮಾ ಯಾವ ಸೂಚನೆಯೂ ಇಲ್ಲದೆ ಜಾಲತಾಣವನ್ನು ನಿಲ್ಲಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಸಾವಿರಾರು ಕಲಾವಿದರ ಅಂಗಡಿ ಮಾಯ. ಡೊಮೇನ್ ಒಬ್ಬರ ಕೈಯಲ್ಲಿತ್ತು, ಆ ಮಟ್ಟಿಗೆ ಅದೂ ಎಫ್‌ಟಿಎಕ್ಸ್‌ನಂತೆಯೇ.

ಮುಂದಿನ ಬೆಳವಣಿಗೆ ಬೇರೆ. ಅಲ್ಲಿನ ಮಾರಾಟದ ಕರಾರುಗಳು ಟೆಜೋಸ್ ಮೇಲೆ ಓಡುತ್ತಲೇ ಇದ್ದವು, ಅವನ್ನು ನಿಲ್ಲಿಸಲು ಜಾಲತಾಣ ನಿಲ್ಲಿಸಿದರೆ ಸಾಲದು. ಕಲಾಕೃತಿಗಳ ಕಡತಗಳು ಐಪಿಎಫ್‌ಎಸ್‌ನಲ್ಲಿದ್ದವು, ಟೋಕನ್‌ನಲ್ಲಿ ಬರೆದಿದ್ದದ್ದು ಆ ಕಡತಗಳ ಹ್ಯಾಶ್. ಜಾಲತಾಣದ ಕೋಡ್ ಮುಕ್ತವಾಗಿತ್ತು. ಬಳಕೆದಾರರೇ ಸೇರಿ ಬೇಗನೆ ಬೇರೆ ಡೊಮೇನ್‌ನಲ್ಲಿ ಅದೇ ಅಂಗಡಿಯ ಪ್ರತಿರೂಪ ಎಬ್ಬಿಸಿದರು. ಹಳೆಯ ಟೋಕನ್, ಹಳೆಯ ಚಿತ್ರ, ಹಳೆಯ ಬೆಲೆಪಟ್ಟಿ, ಎಲ್ಲ ಇದ್ದ ಹಾಗೆಯೇ. ಮುಂದೆ ಅದೇ ಸಮುದಾಯ ತೇಯಾ ಎಂಬ ಹೆಸರಿನಲ್ಲಿ ಸಂಘಟಿತವಾಯಿತು.

ಐಪಿಎಫ್‌ಎಸ್ ಎಂದರೆ ಪವಾಡ ಎಂದು ಯಾರೂ ತಿಳಿಯಬಾರದು. ಹ್ಯಾಶ್ ವಿಳಾಸ ಕಡತವನ್ನು ಗುರುತಿಸುತ್ತದೆಯೇ ಹೊರತು ಕಾಪಾಡುವುದಿಲ್ಲ. ಯಾವುದಾದರೂ ಒಂದು ನೋಡ್ (ಜಾಲದ ಕಂಪ್ಯೂಟರ್) ಆ ಕಡತವನ್ನು ಪಿನ್ ಮಾಡಿ, ಅಂದರೆ ಅಳಿಸದಂತೆ ಗುರುತಿಸಿ, ಇಟ್ಟುಕೊಂಡಿರಬೇಕು. ಎಲ್ಲರೂ ಕೈಬಿಟ್ಟರೆ ನೋಡ್‌ಗಳು ಜಾಗ ತೆರವು ಮಾಡುವಾಗ ಅದು ಅಳಿಯುತ್ತದೆ, ವಿಳಾಸ ಉಳಿಯುತ್ತದೆ. ಲಿಮಾ ಹೋದ ಮೇಲೆ ಉಳಿದವರು ಮಾಡಬೇಕಾಗಿದ್ದ ದೊಡ್ಡ ಕೆಲಸ ಇದೇ: ಪಿನ್ ಮಾಡಿಸುವುದು, ಅದರ ಖರ್ಚು ಹೊರುವುದು. ಆದರೆ ಅವರಿಗೆ ಆ ಅವಕಾಶವಿತ್ತು. ಕಡತದ ಒಂದು ಪ್ರತಿ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕರೂ ಸಾಕು, ಅದನ್ನು ಜಾಲಕ್ಕೆ ಮೊದಲಿನ ಕ್ರಮದಲ್ಲೇ ಮರಳಿ ಸೇರಿಸಿದರೆ ಅದೇ ವಿಳಾಸ ಮತ್ತೆ ಜೀವ ಪಡೆಯುತ್ತದೆ, ಯಾರ ಅನುಮತಿಯೂ ಬೇಡ. ಕೋಚೆಲ್ಲಾ ಫೋಟೊ ಕೊಂಡವನು ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೂ ಅದನ್ನು ತನ್ನ ಟೋಕನ್‌ಗೆ ಮತ್ತೆ ಸೇರಿಸಲು ದಾರಿ ಇರಲಿಲ್ಲ. ಡೊಮೇನ್ ಅವನದಲ್ಲ, ತಿದ್ದುವ ಅಧಿಕಾರವೂ ಅವನದಲ್ಲ, ಇದೇ ಆ ಚಿತ್ರ ಎಂದು ಸಾಧಿಸಲು ಸರಪಳಿಯಲ್ಲಿ ಹ್ಯಾಶ್ ಕೂಡ ಇಲ್ಲ.

ನನ್ನ ಮಟ್ಟಿಗೆ ಎರಡೂ ಪ್ರಕರಣಗಳ ನಡುವಿನ ಅಂತರ ಇಷ್ಟೇ. ವೇದಿಕೆ ಸತ್ತ ಮೇಲೆ ದತ್ತಾಂಶವನ್ನು ಎತ್ತಿಕೊಳ್ಳಲು ಹೊರಗಿನವನಿಗೆ ಸಾಧ್ಯವೇ, ಮತ್ತು ಆ ಖರ್ಚು ಹೊರುವವರು ಇದ್ದಾರೆಯೇ? ಸರಪಳಿ ಯಾವುದು, ಟೋಕನ್ ಮಾದರಿ ಯಾವುದು ಎಂಬುದೆಲ್ಲ ಇದರ ಮುಂದೆ ಗೌಣ.

ಇದು ಚಿತ್ರದ ವ್ಯಾಪಾರಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಸರಪಳಿಗೆ ಜೋಡಿಸುವ ಮಾತು ನಮ್ಮಲ್ಲೂ ಸಾಕಷ್ಟು ನಡೆದಿದೆ. ಅಲ್ಲಿ ಹೊರಗೆ ಇಡಲು ಇನ್ನೊಂದು ಗಟ್ಟಿ ಕಾರಣವಿದೆ: ವ್ಯಕ್ತಿಯ ಮಾಹಿತಿಯನ್ನು ಅಳಿಸಲಾಗದ ಖಾತೆಯಲ್ಲಿ ಬರೆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಡುವ ತಿದ್ದಿಸುವ, ಅಳಿಸುವ ಹಕ್ಕನ್ನು ಪಾಲಿಸುವುದು ಹೇಗೆ? ಹಾಗಾಗಿ ಹ್ಯಾಶ್ ಸರಪಳಿಯ ಮೇಲೆ, ದಾಖಲೆ ಹೊರಗೆ ಎಂಬುದೇ ಸರಿಯಾದ ಕ್ರಮ. ಆದರೆ ಹೊರಗಿನ ದಾಖಲೆಯ ಸರ್ವರ್ ಗುತ್ತಿಗೆದಾರನದಾಗಿದ್ದು ಗುತ್ತಿಗೆ ಮುಗಿದರೆ, ಹ್ಯಾಶ್ ಒಂದನ್ನೇ ಹಿಡಿದು ಯಾವ ಉದ್ಯೋಗದಾತನ ಮುಂದೆ ನಿಲ್ಲುವುದು? ಟೆಂಡರ್ ಬರೆಯುವವರು ಈ ಸಾಲನ್ನು ಮರೆಯದಿದ್ದರೆ ಸಾಕು.

ಕೋಚೆಲ್ಲಾ 2024ರಲ್ಲಿ ಮತ್ತೆ ಎನ್‌ಎಫ್‌ಟಿ ಬಿಟ್ಟಿತು, ಈ ಸಲ ಓಪನ್‌ಸೀ ಜೊತೆ, ಅವಲಾಂಚ್ ಸರಪಳಿಯ ಮೇಲೆ. ಅಂಥದ್ದೇನಾದರೂ ನಿಮ್ಮ ವಾಲೆಟ್‌ನಲ್ಲಿದ್ದರೆ ಪರೀಕ್ಷೆಗೆ ಐದು ನಿಮಿಷ ಸಾಕು. ಆ ಸರಪಳಿಯ ಎಕ್ಸ್‌ಪ್ಲೋರರ್ (ಸರಪಳಿಯ ದಾಖಲೆ ತೋರಿಸುವ ಜಾಲತಾಣ) ತೆರೆದು ಟೋಕನ್ ವಿಳಾಸ ಹಾಕಿ. ಸೊಲಾನಾ ಆಗಿದ್ದರೆ ಮೆಟಾಡೇಟಾ ವಿಭಾಗ ನೋಡಿ, ಇಥೀರಿಯಂ ಮಾದರಿಯ ಸರಪಳಿಯಾಗಿದ್ದರೆ ಕರಾರಿನ ಓದುವ ವಿಭಾಗದಲ್ಲಿ ಟೋಕನ್ ಯುಆರ್‌ಐ ಎಂಬ ಸಾಲಿಗೆ ನಿಮ್ಮ ಟೋಕನ್ ಸಂಖ್ಯೆ ಕೊಡಿ. ಬಂದ ಕೊಂಡಿ ಐಪಿಎಫ್‌ಎಸ್ ಅಥವಾ ಆರ್‌ವೀವ್‌ನದೋ, ಯಾವುದೋ ಕಂಪನಿಯ ಡೊಮೇನೋ ನೋಡಿ. ಅಲ್ಲಿಗೆ ನಿಲ್ಲಿಸಬೇಡಿ, ಆ ಜೇಸನ್ ತೆರೆದು ಒಳಗಿನ ಚಿತ್ರದ ಕೊಂಡಿಯನ್ನೂ ನೋಡಿ. ಮೊದಲನೆಯದು ಐಪಿಎಫ್‌ಎಸ್‌ಗೆ ಹೋಗಿ ಎರಡನೆಯದು ಕಂಪನಿಯ ಸರ್ವರ್‌ಗೇ ಹೋಗುವ ಟೋಕನ್‌ಗಳೂ ಇರುತ್ತವೆ. ಸೊಲಾನಾದಲ್ಲಾದರೆ ತಿದ್ದುವ ಅಧಿಕಾರದ ವಿಳಾಸವನ್ನೂ ಬರೆದಿಟ್ಟುಕೊಳ್ಳಿ, ಚಿತ್ರ ಮತ್ತು ಜೇಸನ್ ಎರಡನ್ನೂ ಇಳಿಸಿ ನಿಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.